ತಂದೆ ಕೊಂಡ ಮನೆ, ಇಬ್ಬರು ಗಂಡುಮಕ್ಕಳ ಹೆಸರಿಗೆ ಖಾತೆ: ಕ್ರಯಕ್ಕೆ ಯಾರ ಯಾರ ಸಹಿ ಬೇಕು?

ಮೊದಲ ಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತ್ನಿ ಮೈಸೂರಿನಲ್ಲಿ 30×40ರ ನಿವೇಶನದಲ್ಲಿರುವ ಹಳೆಯ ಮನೆಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಬೆಲೆ 86 ಲಕ್ಷ ರೂಪಾಯಿಗೆ ಮಾತಾಗಿದೆ. ಮನೆಯ ಯಜಮಾನರು ಈ ನಿವೇಶನವನ್ನು 1987ರಲ್ಲಿ ತಮ್ಮ ಸಂಬಳದ ಹಣದಿಂದ ಕೊಂಡು, ಮನೆ ಕಟ್ಟಿಸಿ, 2009ರಲ್ಲಿ ತೀರಿಕೊಂಡಿದ್ದಾರೆ. ಉಯಿಲು ಬರೆದಿಟ್ಟಿಲ್ಲ. ಆಮೇಲೆ ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಜಂಟಿಯಾಗಿ ಆಗಿದ್ದು, ಈಗ ಇ-ಖಾತೆಯೂ ಅವರ ಹೆಸರಿನಲ್ಲೇ ಬಂದಿದೆ. ಕಂದಾಯದ ರಸೀದಿಗಳೆಲ್ಲ ಸರಿಯಾಗಿವೆ. 2004ರಿಂದ ಈವರೆಗಿನ ಋಣಭಾರ ಪತ್ರವನ್ನೂ (ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳ ಪಟ್ಟಿ) ಕೊಟ್ಟಿದ್ದಾರೆ, ಅದರಲ್ಲಿ ಏನೂ ಇಲ್ಲ. ತಾಯಿಯವರು ಹಿರಿಯ ಮಗನ ಜೊತೆ ಅದೇ ಮನೆಯಲ್ಲಿದ್ದಾರೆ.

ನಾವು ಎರಡನೆಯ ಸಲ ಮನೆ ನೋಡಲು ಹೋದಾಗ ನಡುಮನೆಯ ಗೋಡೆಯ ಮೇಲಿದ್ದ ಹಳೆಯ ಫೋಟೋ ಒಂದು ನನ್ನ ಪತ್ನಿಯ ಕಣ್ಣಿಗೆ ಬಿತ್ತು. ಅದರಲ್ಲಿ ಇಬ್ಬರು ಹುಡುಗರ ನಡುವೆ ಎರಡು ಜಡೆಯ ಹುಡುಗಿಯೊಬ್ಬಳು ನಿಂತಿದ್ದಳು. ಯಾರೆಂದು ಕೇಳಿದಾಗ, ‘ನಮ್ಮ ತಂಗಿ, 1998ರಲ್ಲೇ ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ’ ಎಂದರು. ದಲ್ಲಾಳಿಯವರು ಅಲ್ಲೇ, ‘2005ಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ, ನೀವು ಯೋಚನೆ ಮಾಡಬೇಡಿ, ಹೇಗೂ ಬ್ಯಾಂಕಿನ ವಕೀಲರು ಪರಿಶೀಲಿಸುತ್ತಾರೆ’ ಎಂದರು. ಮುಂದಿನ ವಾರ 10 ಲಕ್ಷ ಮುಂಗಡ ಕೊಟ್ಟು ಕರಾರು ಮಾಡಿಕೊಳ್ಳಬೇಕಿದೆ. ದಲ್ಲಾಳಿಯವರ ಮಾತು ನಿಜವೇ? ತಿಳಿದವರು ದಯವಿಟ್ಟು ಹೇಳಿ.

ದಸ್ತಾವೇಜು ವಕೀಲ, ಮಂಡ್ಯ

ಮುಂಗಡ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಆ ಮಾತು ನಿಜವಲ್ಲ. ಇಂತಹ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಪಿತ್ರಾರ್ಜಿತ ಅವಿಭಕ್ತ ಆಸ್ತಿಯ ಸಹದಾಯಾದಿಗಳನ್ನಾಗಿ, ಅಂದರೆ ಗಂಡುಮಕ್ಕಳಂತೆಯೇ ಪಾಲುದಾರರನ್ನಾಗಿ, ಮಾಡಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲು, 1994ರ ಜುಲೈ 30ರಿಂದ, ನಮ್ಮದೇ ರಾಜ್ಯದ ತಿದ್ದುಪಡಿಯೊಂದು ಜಾರಿಯಲ್ಲಿತ್ತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ‘ಇಂಥ ವರ್ಷಕ್ಕೆ ಮೊದಲು ಮದುವೆಯಾದರೆ ಪಾಲಿಲ್ಲ’ ಎಂಬ ಮಾತು ಜನರ ಬಾಯಲ್ಲಿ ಉಳಿದಿರುವುದು ಅಲ್ಲಿಂದ ಎಂದು ನನ್ನ ಊಹೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಆ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹಕ್ಕೇ ಎಂದು ಹೇಳಿ ಆ ಗೊಂದಲವನ್ನು ಮುಗಿಸಿತು.

ನಿಮ್ಮ ಪ್ರಕರಣಕ್ಕೆ ಮಾತ್ರ ಇದಾವುದೂ ಬೇಕಾಗಿಯೇ ಇಲ್ಲ. ಇದು ಪಿತ್ರಾರ್ಜಿತವಲ್ಲ, ತಂದೆಯ ಸ್ವಯಾರ್ಜಿತ. ಹಿಂದೂ ಗಂಡಸೊಬ್ಬ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತವು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೆಯ ಕಲಮಿನ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ಅವನ ತಾಯಿ, ಇವರೆಲ್ಲರಿಗೂ ಸಮಪಾಲಾಗಿ ಹೋಗುತ್ತದೆ. ಇದು 1956ರಿಂದಲೇ ಇರುವ ಕಾನೂನು. ಮಗಳಿಗೆ ಮದುವೆಯಾಗಿದೆಯೇ, ಯಾವಾಗ ಆಯಿತು, ಎಷ್ಟು ಚಿನ್ನ ಹಾಕಿದರು ಎಂಬ ಪ್ರಶ್ನೆಗಳು ಇಲ್ಲಿ ಹುಟ್ಟುವುದೇ ಇಲ್ಲ. ಹಿಂದೆ ಇದ್ದ ಒಂದೇ ತೊಡಕೆಂದರೆ, ಗಂಡುಮಕ್ಕಳು ಭಾಗ ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಭಾಗ ಕೇಳುವಂತಿರಲಿಲ್ಲ. ಆ 23ನೆಯ ಕಲಮನ್ನೂ 2005ರಲ್ಲಿ ತೆಗೆದುಹಾಕಲಾಗಿದೆ. ಆದ್ದರಿಂದ ಈ ಮನೆಗೆ ಮಾಲೀಕರು ಇಬ್ಬರಲ್ಲ, ನಾಲ್ವರು: ತಾಯಿ, ಇಬ್ಬರು ಗಂಡುಮಕ್ಕಳು, ಮಗಳು. ತಲಾ ನಾಲ್ಕನೆಯ ಒಂದು ಪಾಲು. ಈ ಲೆಕ್ಕ ಹಿಂದೂ ಕುಟುಂಬಕ್ಕೆ ಮಾತ್ರ. ಕ್ರೈಸ್ತ ಮತ್ತು ಮುಸ್ಲಿಂ ಕುಟುಂಬಗಳಲ್ಲಿ ಪಾಲಿನ ಪ್ರಮಾಣ ಬೇರೆ, ಆದರೆ ಅಲ್ಲಿಯೂ ಮಗಳನ್ನು ಬಿಟ್ಟು ಲೆಕ್ಕ ಹಾಕಲಾಗದು.

ಹಾಗಾದರೆ ಇಬ್ಬರಿಂದಷ್ಟೇ ಕೊಂಡರೆ ಏನಾಗುತ್ತದೆ? ಅವರಲ್ಲಿರುವ ಅರ್ಧ ಮಾತ್ರ ನಿಮಗೆ ಬರುತ್ತದೆ. ಅದಕ್ಕಿಂತ ಕಷ್ಟದ ಸಂಗತಿ ಇನ್ನೊಂದಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 44ನೆಯ ಕಲಮಿನ ಪ್ರಕಾರ, ಭಾಗವಾಗದ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲನ್ನು ಕೊಂಡ ಹೊರಗಿನವರಿಗೆ ಆ ಮನೆಯಲ್ಲಿ ಉಳಿದವರ ಜೊತೆ ಸೇರಿ ವಾಸಿಸುವ ಹಕ್ಕಿರುವುದಿಲ್ಲ. 86 ಲಕ್ಷ ಕೊಟ್ಟು, ವಿಭಾಗದ ದಾವೆಯಲ್ಲಿ ಪ್ರತಿವಾದಿಯಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವ ಸ್ಥಿತಿ ಅದು.

ಬ್ಯಾಂಕಿನ ವಕೀಲರ ವಿಷಯದಲ್ಲಿ ಒಂದು ಮಾತು. ಅವರು ಬ್ಯಾಂಕಿಗಾಗಿ, ತಮ್ಮ ಮುಂದೆ ಇಟ್ಟ ಕಾಗದಗಳನ್ನು ನೋಡಿ ಅಭಿಪ್ರಾಯ ಕೊಡುತ್ತಾರೆ. ಗೋಡೆಯ ಮೇಲಿನ ಫೋಟೋ ಅವರ ಮುಂದೆ ಬರುವುದಿಲ್ಲ.

ನೋಂದಣಿ ಇಲಾಖೆಯ ನಿವೃತ್ತ ನೌಕರ

ವಕೀಲರು ಹೇಳಿದ್ದು ಸರಿಯಾಗಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಮಾಡಿದವನಾಗಿ ಎರಡು ಸಂಗತಿ ಸೇರಿಸುತ್ತೇನೆ.

ಮೊದಲನೆಯದು ಖಾತೆ. 2024ರ ಅಕ್ಟೋಬರಿನಿಂದ ರಾಜ್ಯದಾದ್ಯಂತ ಇ-ಖಾತೆ ಇಲ್ಲದೆ ಕ್ರಯಪತ್ರ ನೋಂದಣಿ ಆಗುವುದಿಲ್ಲವಾದ್ದರಿಂದ, ಇ-ಖಾತೆ ಎಂದರೇ ಮಾಲೀಕತ್ವ ಎಂಬ ಭಾವನೆ ಜನರಲ್ಲಿ ಬಂದಿದೆ. ಖಾತೆ ಎನ್ನುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಎಂಬುದರ ದಾಖಲೆ, ಹಕ್ಕಿನ ದಾಖಲೆಯಲ್ಲ. 2009ರ ನಂತರ ಪವತಿ ಖಾತೆ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಮಾಡುವ ಖಾತೆ) ಮಾಡುವಾಗ ಕೊಟ್ಟ ವಂಶವೃಕ್ಷದಲ್ಲಿ ತಂಗಿಯ ಹೆಸರೇ ಇಲ್ಲದಿರಬಹುದು. ಆ ವಂಶವೃಕ್ಷದ ಪ್ರತಿಯನ್ನು ಕೇಳಿ ಪಡೆದು ನೋಡಿ. ಹಾಗೆಯೇ, ನೋಂದಣಿ ಆಯಿತೆಂದ ಮಾತ್ರಕ್ಕೆ ಹಕ್ಕು ಸ್ಥಾಪಿತವಾಯಿತು ಎಂದೂ ಅಲ್ಲ. ಉಪನೋಂದಣಾಧಿಕಾರಿ ನೋಡುವುದು ಬರೆದುಕೊಟ್ಟವರು ಅವರೇ ಹೌದೇ, ಶುಲ್ಕ ಸರಿಯಾಗಿದೆಯೇ, ಪತ್ರ ಕ್ರಮಬದ್ಧವಾಗಿದೆಯೇ ಎಂಬುದನ್ನು. ಮಾರುವವರಿಗೆ ಮಾರುವ ಹಕ್ಕಿದೆಯೇ ಎಂದು ತೀರ್ಮಾನಿಸುವ ಅಧಿಕಾರ ಆ ಕುರ್ಚಿಗಿಲ್ಲ. ನಮ್ಮ ಕಚೇರಿಯಿಂದ ನಗುತ್ತಾ ಹೊರಗೆ ಹೋದವರು ಎರಡು ವರ್ಷ ಬಿಟ್ಟು ದೃಢೀಕೃತ ನಕಲಿಗಾಗಿ ಅಳುತ್ತಾ ಬಂದದ್ದನ್ನು ನಾನು ನೋಡಿದ್ದೇನೆ.

ಎರಡನೆಯದು ಋಣಭಾರ ಪತ್ರ. ನಿಮಗೆ ಸಿಕ್ಕಿರುವುದು 2004ರಿಂದೀಚಿನದು, ಏಕೆಂದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸುಲಭವಾಗಿ ಸಿಗುವುದು ಅಷ್ಟು. ಏನೂ ವ್ಯವಹಾರ ಇಲ್ಲವೆಂದರೆ ನಮೂನೆ 16, ಇದ್ದರೆ ನಮೂನೆ 15 ಬರುತ್ತದೆ. ನಿಮ್ಮ ಮೂಲ ಕ್ರಯ 1987ರದು. ಹಾಗಾಗಿ 1987ರಿಂದ 2004ರವರೆಗಿನ ಹದಿನೇಳು ವರ್ಷ ಕತ್ತಲಲ್ಲಿದೆ. ಆ ಅವಧಿಯ ಋಣಭಾರ ಪತ್ರಕ್ಕೆ ಕಚೇರಿಯಲ್ಲೇ ಅರ್ಜಿ ಹಾಕಿ ಹಳೆಯ ಸೂಚಿ ಪುಸ್ತಕಗಳಿಂದ ತೆಗೆಸಿರಿ. ಸ್ವಲ್ಪ ದಿನ ಹಿಡಿಯುತ್ತದೆ, ಆದರೆ ಬಿಡಬೇಡಿ.

ಮೊದಲ ಮನೆ, ಮೈಸೂರು

ಇಬ್ಬರಿಗೂ ಕೃತಜ್ಞತೆಗಳು. ನಿಮ್ಮ ಮಾತನ್ನು ಅಣ್ಣತಮ್ಮಂದಿರ ಮುಂದಿಟ್ಟೆ. ಅವರು 2010ರಲ್ಲಿ ತಂಗಿ ಸಹಿ ಮಾಡಿದ ಛಾಪಾಕಾಗದವೊಂದನ್ನು ತೋರಿಸಿದರು. ‘ನನ್ನ ಮದುವೆಗೆ ತಂದೆಯವರು ಸಾಕಷ್ಟು ಖರ್ಚು ಮಾಡಿರುವುದರಿಂದ ಸದರಿ ಮನೆಯಲ್ಲಿ ನನಗೆ ಯಾವುದೇ ಹಕ್ಕು ಬೇಡ’ ಎಂದು ಬರೆದಿದೆ, ನೋಟರಿಯ ಮುದ್ರೆಯೂ ಇದೆ. ಇದು ಸಾಲದೇ?

ದಸ್ತಾವೇಜು ವಕೀಲ, ಮಂಡ್ಯ

ಸಾಲದು. ಸ್ಥಿರಾಸ್ತಿಯಲ್ಲಿರುವ ಹಕ್ಕನ್ನು ಬಿಟ್ಟುಕೊಡುವ ಪತ್ರವನ್ನು ನೋಂದಾಯಿಸಲೇಬೇಕು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಆಸ್ತಿಗೆ 1908ರ ನೋಂದಣಿ ಕಾಯ್ದೆಯ 17ನೆಯ ಕಲಮು ಹಾಗೆನ್ನುತ್ತದೆ. ನೋಂದಾಯಿಸದ ಪತ್ರದಿಂದ ಹಕ್ಕು ಹೋಗುವುದೂ ಇಲ್ಲ, ಬರುವುದೂ ಇಲ್ಲ. ಸಹಿ ಮಾಡಿದವರು ಇವರೇ ಎಂಬುದಕ್ಕಷ್ಟೇ ನೋಟರಿ ಸಾಕ್ಷಿಯಾಗುತ್ತಾರೆ.

ಆ ಪತ್ರ ಎಂತಹ ಸಂದರ್ಭದಲ್ಲಿ ಹುಟ್ಟಿತು ಎಂಬುದನ್ನೂ ಯೋಚಿಸಿ ನೋಡಿ. ತಂದೆ ತೀರಿದ ಮರುವರ್ಷದ್ದು.

ಶಿವಮೊಗ್ಗದ ಮಗಳು

ನಾನು ವಕೀಲೆಯಲ್ಲ, ಶಾಲೆಯಲ್ಲಿ ಪಾಠ ಮಾಡುವವಳು. ಆ ಛಾಪಾಕಾಗದದ ವಿಷಯ ಓದಿ ಬರೆಯದೆ ಇರಲಾಗಲಿಲ್ಲ.

ನಮ್ಮ ತಂದೆಯ ವೈಕುಂಠ ಸಮಾರಾಧನೆಯ ದಿನ, ಊಟದ ಎಲೆ ಎತ್ತಿದ ಮೇಲೆ ನಾನು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದೆ. ಚಿಕ್ಕಪ್ಪ ಬಂದು, ‘ಖಾತೆ ಬದಲಾವಣೆಗೆ ಒಂದು ಸಹಿ ಬೇಕಮ್ಮ’ ಎಂದು ಕಾಗದ ಮುಂದಿಟ್ಟರು. ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟಿದ್ದರು. ಕನ್ನಡಕ ಒಳಗಿತ್ತು, ತರುವಷ್ಟು ಮನಸ್ಸಿರಲಿಲ್ಲ. ಸಹಿ ಮಾಡಿದೆ. ಅದು ಹಕ್ಕು ಬಿಟ್ಟ ಪತ್ರವೆಂದು ನನಗೆ ಗೊತ್ತಾದದ್ದು ಆರು ವರ್ಷದ ನಂತರ, ಆ ಮನೆಯನ್ನು ಕೊಂಡವರು ಬಾಗಿಲ ಬಣ್ಣ ಬದಲಾಯಿಸಿದ್ದಾರೆ ಎಂದು ಯಾರೋ ಹೇಳಿದಾಗ. ನಾನು ದಾವೆ ಹಾಕಿದೆ. ನನ್ನ ಪಾಲಿನ ಹಣ ಕೊನೆಗೆ ರಾಜಿಯಲ್ಲಿ ಬಂತು. ಆದರೆ ಆ ಐದು ವರ್ಷ, ಕೊಂಡ ಗಂಡಹೆಂಡಿರು ನ್ಯಾಯಾಲಯದ ಮೊಗಸಾಲೆಯಲ್ಲಿ ನನ್ನ ಎದುರಿನ ಬೆಂಚಿನಲ್ಲೇ ಕೂರುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಒಂದು ಸಲವಾದರೂ ನನಗೆ ಫೋನ್ ಮಾಡಿ ಕೇಳಿದ್ದರೆ ನಾನು ಬಂದು ಸಹಿ ಹಾಕುತ್ತಿದ್ದೆ.

ಮೈಸೂರಿನವರೇ, ಆ ತಂಗಿಯ ಜೊತೆ ನೀವೇ ಮಾತನಾಡಿ. ಅಣ್ಣಂದಿರ ಮೂಲಕ ಬೇಡ.

ದಸ್ತಾವೇಜು ವಕೀಲ, ಮಂಡ್ಯ

ಶಿವಮೊಗ್ಗದ ಮೇಡಂ ಅವರ ಸಲಹೆಯೇ ನನ್ನ ಸಲಹೆ ಕೂಡ. ಅದನ್ನು ಕಾಗದಕ್ಕೆ ಇಳಿಸುವ ಬಗೆ ಹೀಗೆ. ತಂಗಿಯಿಂದ ಮೊದಲು ಅಣ್ಣಂದಿರ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ, ಆಮೇಲೆ ಅವರು ನಿಮಗೆ ಕ್ರಯ ಮಾಡಿಕೊಡುವುದು ಒಂದು ದಾರಿ. ಆದರೆ ನಾಲ್ವರೂ ಸೇರಿ ಒಂದೇ ಶುದ್ಧ ಕ್ರಯಪತ್ರ ಬರೆದುಕೊಡುವುದು ಸರಳವೂ ಹೌದು, ನ್ಯಾಯವೂ ಹೌದು. ಪತ್ರದಲ್ಲಿ ನಾಲ್ವರ ಪಾಲನ್ನೂ, ಯಾರ ಯಾರ ಖಾತೆಗೆ ಎಷ್ಟು ಹಣ ಹೋಯಿತು ಎಂಬುದನ್ನೂ ಬರೆಸಿ. ‘ಒಪ್ಪಿಗೆ ಸಾಕ್ಷಿ’ ಎಂದು ಮೂಲೆಯಲ್ಲಿ ಸಹಿ ಹಾಕಿಸುವ ರೂಢಿ ನಮ್ಮಲ್ಲಿದೆ. ಅದಕ್ಕೆ ಒಪ್ಪಬೇಡಿ, ಆಕೆ ಮಾರುವವರಲ್ಲಿ ಒಬ್ಬರಾಗಿಯೇ ಇರಲಿ. ಖಾತೆಯಲ್ಲಿ ತಾಯಿ ಮತ್ತು ತಂಗಿಯ ಹೆಸರು ಇಲ್ಲದಿರುವುದರಿಂದ ಮೊದಲು ಅರ್ಜಿ ಕೊಟ್ಟು ಇ-ಖಾತೆಯನ್ನು ನಾಲ್ವರ ಹೆಸರಿಗೆ ಸರಿಪಡಿಸಿಕೊಳ್ಳಬೇಕಾಗುತ್ತದೆ. ಇದರಿಂದ ಒಂದೆರಡು ತಿಂಗಳು ತಡವಾಗಬಹುದು.

ಕರಾರಿನಲ್ಲಿಯೂ ನಾಲ್ವರೂ ಇರಬೇಕು. ಕರಾರು ಆದ ಮೇಲೆ, ನೋಂದಣಿಗೆ ಮುನ್ನ, ಒಂದು ಕನ್ನಡ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ತಕರಾರಿಗೆ ಹದಿನೈದು ದಿನ ಬಿಡಿ.

ಹಾಸನದ ಹಿರಿಯ

ನಾನು ಮಾರುವವರ ಕಡೆಯವನು. ನನ್ನದೊಂದು ಪ್ರಶ್ನೆ. ಹಾಸನದ ನನ್ನ ಮನೆಗೆ ಎಂಟು ತಿಂಗಳ ಹಿಂದೆ ಒಬ್ಬರು 2 ಲಕ್ಷ ಮುಂಗಡ ಕೊಟ್ಟು, ಮೂರು ತಿಂಗಳ ವಾಯಿದೆಯ ಕರಾರು ಮಾಡಿಕೊಂಡರು. ವಾಯಿದೆ ಮುಗಿದರೂ ಬರಲಿಲ್ಲ. ಈಗ ಬೇರೆಯವರು ಹೆಚ್ಚಿನ ಬೆಲೆಗೆ ಕೇಳುತ್ತಿದ್ದಾರೆ. ವಾಯಿದೆ ಮೀರಿದ ಕರಾರು ತಾನಾಗಿ ಬಿದ್ದುಹೋಗುತ್ತದಲ್ಲವೇ?

ದಸ್ತಾವೇಜು ವಕೀಲ, ಮಂಡ್ಯ

ಹಿರಿಯರೇ, ತಾನಾಗಿ ಬಿದ್ದುಹೋಗುತ್ತದೆ ಎಂದು ನಂಬಿ ಎರಡನೆಯವರಿಂದ ಮುಂಗಡ ಹಿಡಿಯಬೇಡಿ. ಸ್ಥಿರಾಸ್ತಿಯ ಕರಾರಿನಲ್ಲಿ ದಿನಾಂಕ ಬರೆದ ಮಾತ್ರಕ್ಕೆ ವಾಯಿದೆಯೇ ಕರಾರಿನ ಜೀವಾಳ ಎಂದು ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುವುದಿಲ್ಲ. ಕರಾರಿನಂತೆ ಕ್ರಯ ಮಾಡಿಕೊಡಿ ಎಂದು ದಾವೆ ಹೂಡಲು ಮೊದಲಿನವರಿಗೆ ಮೂರು ವರ್ಷ ಅವಕಾಶವಿದೆ. ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿಯ ನಂತರ ಅಂತಹ ಪರಿಹಾರ ಕೊಡುವುದೇ ನಿಯಮ ಎಂಬಂತಾಗಿದೆ. ಆದರೆ ಹಣ ಸಿದ್ಧವಿತ್ತು, ತಾನೂ ಸಿದ್ಧನಿದ್ದೆ ಎಂಬುದನ್ನು ಕೊಳ್ಳುವವರು ತೋರಿಸಿಕೊಡಬೇಕು. ಐದು ತಿಂಗಳು ಸದ್ದಿಲ್ಲದೆ ಇದ್ದುದು ಅವರ ವಿರುದ್ಧವೇ ಹೋಗುತ್ತದೆ.

ಇಂದೇ ವಕೀಲರ ಮೂಲಕ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕೊಟ್ಟು, ಇಂತಿಷ್ಟು ದಿನದೊಳಗೆ ಬಾಕಿ ಹಣ ತಂದು ಕ್ರಯ ಮಾಡಿಸಿಕೊಳ್ಳಬೇಕೆಂದೂ ಇಲ್ಲವಾದರೆ ಕರಾರು ರದ್ದೆಂದೂ ತಿಳಿಸಿ. ಕರಾರು ನೋಂದಾಯಿತವಾಗಿದ್ದರೆ ಅದರ ಸಾಲು ಋಣಭಾರ ಪತ್ರದಲ್ಲಿ ಕಾಣುತ್ತಲೇ ಇರುತ್ತದೆ, ಆದ್ದರಿಂದ ರದ್ದತಿ ಪತ್ರವನ್ನೂ ನೋಂದಾಯಿಸಬೇಕು. ಸಾಧ್ಯವಾದರೆ ಮುಂಗಡ ಹಿಂದಿರುಗಿಸಿ ಸಹಿ ಪಡೆದುಕೊಳ್ಳಿ. 2 ಲಕ್ಷ ಉಳಿಸಿಕೊಳ್ಳಲು ಹೋಗಿ ದಾವೆ ಕಟ್ಟಿಕೊಂಡವರನ್ನು ಬಹಳ ಕಂಡಿದ್ದೇನೆ.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ಮೈಸೂರಿನವರ ಪ್ರಶ್ನೆಗೆ ಹಣದ ಕಡೆಯಿಂದ ಉತ್ತರಿಸುತ್ತೇನೆ. ಮಾರುವವರು ನಾಲ್ವರಾದ ಕೂಡಲೇ ಲೆಕ್ಕ ಬದಲಾಗುತ್ತದೆ.

ಮೊದಲು ನಿಮ್ಮ ಖರ್ಚು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಶೇ 10 ಸೆಸ್ ಮತ್ತು ನಗರ ಪ್ರದೇಶವಾದ್ದರಿಂದ ಶೇ 2 ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. 86 ಲಕ್ಷಕ್ಕೆ ಇವು ಕ್ರಮವಾಗಿ 4,30,000, 43,000, 8,600 ಮತ್ತು 1,72,000 ಆಗಿ ಒಟ್ಟು 6,53,600 ರೂಪಾಯಿ ಬರುತ್ತದೆ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರದ ಪ್ರಕಾರ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಬೆಲೆಗೆ ಶುಲ್ಕ.

ಇನ್ನು ಮೂಲದಲ್ಲೇ ತೆರಿಗೆ ಕಡಿತ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಶೇ 1 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ‘ತಲಾ ಇಪ್ಪತ್ತೊಂದೂವರೆ ಲಕ್ಷ, 50 ದಾಟಲಿಲ್ಲ’ ಎಂದು ಕೆಲವರು ಹೇಳಿಯಾರು. 2024ರ ಅಕ್ಟೋಬರ್ 1ರಿಂದ ಎಲ್ಲ ಮಾರಾಟಗಾರರ ಮೊತ್ತ ಸೇರಿಸಿಯೇ ನೋಡಬೇಕು. ಆದ್ದರಿಂದ ಒಬ್ಬೊಬ್ಬರ ಹಣದಲ್ಲಿ 21,500, ಒಟ್ಟು 86,000 ರೂಪಾಯಿ ಹಿಡಿಯಬೇಕು. ಕೊಳ್ಳುವವರು ನೀವಿಬ್ಬರು, ಮಾರುವವರು ನಾಲ್ವರು ಆದ್ದರಿಂದ ಎಂಟು ಪ್ರತ್ಯೇಕ ನಮೂನೆ ತುಂಬಬೇಕು. ಹಣ ಹಿಡಿದ ತಿಂಗಳು ಮುಗಿದು ಮೂವತ್ತು ದಿನದೊಳಗೆ ಇದು ಆಗಬೇಕು.

ಇಲ್ಲಿ ಬಹಳ ಮಂದಿ ಎಡವುವುದು ತಾಯಿಯ ವಿಷಯದಲ್ಲಿ. ವಯಸ್ಸಾದ ಗೃಹಿಣಿಗೆ ಹಲವು ಸಲ ಪ್ಯಾನ್ ಕಾರ್ಡ್ ಇರುವುದಿಲ್ಲ, ಇದ್ದರೂ ಆಧಾರ್‌ಗೆ ಜೋಡಣೆಯಾಗಿರುವುದಿಲ್ಲ. ಆಗ ಕಡಿತ ಶೇ 1 ಅಲ್ಲ, ಶೇ 20. ಅಂದರೆ ಅವರ ಪಾಲಿನಿಂದ 4,30,000 ರೂಪಾಯಿ. ಕರಾರಿಗೂ ಮೊದಲೇ ಇದನ್ನು ನೋಡಿಕೊಳ್ಳಿ.

ನಗದು ಬೇಡವೇ ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮುಟ್ಟಿದರೆ ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಲ್ಲಿ 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆಂದು ಒಬ್ಬರು ಹೇಳಿಕೊಂಡಾಗ, 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್, 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ನಗದು ಕೊಟ್ಟಿರುವುದಾಗಿ ಹೇಳುವ ದಾವೆ ಬಂದರೆ ನ್ಯಾಯಾಲಯಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ಸೂಚಿಸಿದೆ.

ಮಾರುವ ನಾಲ್ವರಿಗೂ ಅವರವರ ಪಾಲಿನ ಲಾಭಕ್ಕೆ ಪ್ರತ್ಯೇಕ ತೆರಿಗೆ. ಆಸ್ತಿ 2024ರ ಜುಲೈ 23ಕ್ಕಿಂತ ಮೊದಲಿನದಾದ್ದರಿಂದ ಶೇ 12.5 ಅಥವಾ ಬೆಲೆಯೇರಿಕೆ ಸೂಚ್ಯಂಕ ಹಾಕಿಕೊಂಡು ಶೇ 20, ಯಾವುದು ಕಡಿಮೆಯೋ ಅದು. 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ತಂಗಿಯವರು ಎರಡು ವರ್ಷದೊಳಗೆ ತಮ್ಮದೊಂದು ಮನೆ ಕೊಂಡರೆ ಆ ಮಟ್ಟಿಗೆ ವಿನಾಯಿತಿಯೂ ಇದೆ. ಅವರೊಂದಿಗೆ ಮಾತನಾಡುವಾಗ ಇದನ್ನೂ ತಿಳಿಸಿ.

ಡಬ್ಲಿನ್ ಕನ್ನಡಿಗ

ನಮ್ಮ ಕುಟುಂಬದಲ್ಲಿಯೂ ಇಂತಹುದೇ ಸ್ಥಿತಿ. ತುಮಕೂರಿನ ಮನೆ, ನಾಲ್ಕು ಮಂದಿ ವಾರಸುದಾರರು, ಅವರಲ್ಲಿ ನಾನೊಬ್ಬ ಇಲ್ಲಿ. ಸಹಿಗಾಗಿ ಬರಲು ಆಗುತ್ತಿಲ್ಲ. ಅಕ್ಕನಿಗೆ ಅಧಿಕಾರ ಪತ್ರ ಕೊಟ್ಟರೆ ಸಾಕೇ?

ನೋಂದಣಿ ಇಲಾಖೆಯ ನಿವೃತ್ತ ನೌಕರ

ಸಾಕು, ಆದರೆ ಪತ್ರ ಆಗಬೇಕಾದ ರೀತಿಯಲ್ಲೇ ಆಗಿರಬೇಕು. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಅಥವಾ ನೋಟರಿಯ ಮುಂದೆ ಸಹಿ ಮಾಡಿ. ಮಾರುವ ಅಧಿಕಾರ ಮತ್ತು ನೋಂದಣಿಗೆ ಹಾಜರುಪಡಿಸುವ ಅಧಿಕಾರ ಎರಡನ್ನೂ, ಆಸ್ತಿಯ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆಗಳ ವಿವರ) ಸಮೇತ, ಸ್ಪಷ್ಟವಾಗಿ ಬರೆಯಿಸಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಧಿಕಾರ ಕೊಟ್ಟವರು ತೀರಿಕೊಂಡರೆ ಪತ್ರವೂ ಅಂದೇ ಮುಗಿದಂತೆ. ಅಧಿಕಾರ ಪತ್ರವನ್ನೇ ಕ್ರಯಪತ್ರದಂತೆ ಬಳಸಿ ಮನೆ ಕೈಬದಲಾಯಿಸುವ ವ್ಯವಹಾರಕ್ಕೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಲೆಕ್ಕಪರಿಶೋಧಕಿ, ಹುಬ್ಬಳ್ಳಿ

ಒಂದು ಸೇರ್ಪಡೆ. ನೀವು ಅನಿವಾಸಿಯಾದ್ದರಿಂದ ನಿಮ್ಮ ಪಾಲಿಗೆ ಶೇ 1ರ ನಿಯಮ ಅನ್ವಯಿಸುವುದಿಲ್ಲ, ಕಡಿತ ಬಹಳ ಹೆಚ್ಚು. ಲಾಭಕ್ಕೆ ತಕ್ಕಷ್ಟೇ ಕಡಿತವಾಗಲಿ ಎಂದು ಆದಾಯ ತೆರಿಗೆ ಇಲಾಖೆಯಿಂದ ಮುಂಚಿತವಾಗಿ ಪ್ರಮಾಣಪತ್ರ ಪಡೆಯಲು ಅರ್ಜಿ ಹಾಕಿ.

ವೈಟ್‌ಫೀಲ್ಡ್ ಬಾಡಿಗೆದಾರ

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರಿಗೂ ಇಷ್ಟೆಲ್ಲ ಇದೆಯೇ?

ದಸ್ತಾವೇಜು ವಕೀಲ, ಮಂಡ್ಯ

ಅಲ್ಲಿ ನೋಡಬೇಕಾದದ್ದು ಬೇರೆ. ಚಿಕ್ಕದಾಗಿ ಹೇಳುವುದಾದರೆ, ಎಂಟಕ್ಕಿಂತ ಹೆಚ್ಚು ಮನೆಗಳ ಅಥವಾ 500 ಚದರ ಮೀಟರಿಗಿಂತ ದೊಡ್ಡ ನಿವೇಶನದ ಹೊಸ ಯೋಜನೆಯಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಬೇಕು, ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕಟ್ಟಡ ಮುಗಿದಿದ್ದರೆ ಸ್ವಾಧೀನಾನುಭವ ಪ್ರಮಾಣಪತ್ರ (ಓ.ಸಿ.) ತೋರಿಸಿ ಎಂದು ಮೊದಲ ದಿನವೇ ಕೇಳಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದಿಲ್ಲದೆ ವಿದ್ಯುತ್ ಸಂಪರ್ಕ ಸಿಗದೆ ಕುಳಿತ ಕುಟುಂಬಗಳಿವೆ. ಬಡಾವಣೆ ಎದ್ದಿರುವ ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನೂ ನೋಡಬೇಕು. ಹಾಗಿದ್ದು ಅನುಮತಿಯಿಲ್ಲದೆ ಪರಭಾರೆಯಾಗಿದ್ದರೆ ಅಂತಹ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆಯಡಿ ಜಮೀನು ಮೂಲದವರಿಗೆ ಹಿಂದಿರುಗುತ್ತದೆ. 2023ರ ತಿದ್ದುಪಡಿಯಿಂದ ಹಾಗೆ ಹಿಂದಕ್ಕೆ ಕೇಳಲು ಕಾಲಮಿತಿಯೂ ಇಲ್ಲ.

ಮೊದಲ ಮನೆ, ಮೈಸೂರು (ಐದು ವಾರಗಳ ನಂತರ)

ನಿಮಗೆಲ್ಲ ವರದಿ ಒಪ್ಪಿಸಬೇಕಾದದ್ದು ನನ್ನ ಕರ್ತವ್ಯ.

ನನ್ನ ಪತ್ನಿ ದಾವಣಗೆರೆಗೆ ಫೋನ್ ಮಾಡಿದಳು. ಮನೆ ಮಾರುತ್ತಿರುವ ಸುದ್ದಿಯೇ ಆ ತಂಗಿಯವರಿಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತು ಏನೂ ಮಾತನಾಡದೆ, ಆಮೇಲೆ ‘ಅಮ್ಮ ಎಲ್ಲಿರುತ್ತಾರೆ?’ ಎಂದಷ್ಟೇ ಕೇಳಿದರಂತೆ. ಮರುವಾರ ಮೈಸೂರಿಗೆ ಬಂದು ಅಣ್ಣಂದಿರ ಜೊತೆ ಮಾತನಾಡಿದರು. ಆ ದಿನದ ವಿವರ ಅವರ ಮನೆಯ ವಿಷಯ, ನಾನು ಬರೆಯುವುದು ಸರಿಯಲ್ಲ. ಕೊನೆಗೆ ನಾಲ್ವರೂ ಮಾರಲು ಒಪ್ಪಿದ್ದಾರೆ, ಹಣ ನಾಲ್ಕು ಪಾಲಾಗುತ್ತದೆ. ಖಾತೆ ತಿದ್ದುಪಡಿಗೆ ಅರ್ಜಿ ಕೊಟ್ಟಾಗಿದೆ.

ನಿವೃತ್ತ ನೌಕರರ ಮಾತಿನಂತೆ ಹಳೆಯ ಋಣಭಾರ ಪತ್ರ ತೆಗೆಸಿದೆವು. 1994ರಲ್ಲಿ ಯಜಮಾನರು ಮನೆ ಕಟ್ಟಲು ಸಹಕಾರ ಸಂಘವೊಂದಕ್ಕೆ ಬರೆದುಕೊಟ್ಟ ಆಧಾರಪತ್ರದ (ಅಡಮಾನ ಪತ್ರದ) ನಮೂದು ಅದರಲ್ಲಿ ಕೈಬರಹದಲ್ಲಿದೆ, ಸಾಲ ತೀರಿ ಅಡಮಾನ ಬಿಡುಗಡೆಯಾದ ಖುಲಾಸೆಯ ನಮೂದು ಇಲ್ಲ. ಸಾಲ ತೀರಿದೆ ಎಂದು ಮಕ್ಕಳು ಹೇಳುತ್ತಾರೆ. ಇನ್ನೆರಡು ತೊಡಕುಗಳಿವೆ. ತಾಯಿಯವರು ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದಾರೆ, ನೋಂದಣಿ ಕಚೇರಿಗೆ ಬರಲಾರರು. ಮಹಡಿಯ ಮನೆಯಲ್ಲಿ 6 ಲಕ್ಷ ಕೊಟ್ಟು ಭೋಗ್ಯಕ್ಕಿರುವವರಿದ್ದಾರೆ ಎಂಬುದೂ ಈಗಷ್ಟೇ ಗೊತ್ತಾಯಿತು.

ನೋಂದಣಿ ಇಲಾಖೆಯ ನಿವೃತ್ತ ನೌಕರ

ತಾಯಿಯವರ ಬಗ್ಗೆ ಚಿಂತೆ ಬೇಡ. ದೇಹಸ್ಥಿತಿಯಿಂದಾಗಿ ಬರಲಾಗದವರ ಮನೆಗೇ ನೋಂದಣಾಧಿಕಾರಿ ಹೋಗಿ ಅಥವಾ ಬೇರೆಯವರನ್ನು ನಿಯೋಜಿಸಿ ಹೇಳಿಕೆ ಪಡೆಯಲು ನೋಂದಣಿ ಕಾಯ್ದೆಯ 31 ಮತ್ತು 38ನೆಯ ಕಲಮುಗಳಲ್ಲಿ ಅವಕಾಶವಿದೆ. ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು ನಿಗದಿತ ಶುಲ್ಕ ಕಟ್ಟಿ. ನಾನೇ ಎಷ್ಟೋ ಸಲ ಹೆಬ್ಬೆಟ್ಟಿನ ಮಸಿಯ ಡಬ್ಬಿ ಹಿಡಿದು ಅಧಿಕಾರಿಗಳ ಹಿಂದೆ ಆಸ್ಪತ್ರೆಗಳಿಗೆ ಹೋಗಿದ್ದೇನೆ. ಪತ್ರವನ್ನು ಅವರಿಗೆ ಕೇಳಿಸುವಂತೆ ಓದಿ ಹೇಳಿ, ಅವರ ಪಾಲು ಎಷ್ಟೆಂದು ತಿಳಿಸಿ, ಒಪ್ಪಿದ ಮೇಲೆಯೇ ಸಹಿ ಆಗಲಿ.

1994ರ ಆಧಾರಕ್ಕೆ ಬಾಯಿಮಾತು ಸಾಲದು. ನೋಂದಾಯಿತ ಆಧಾರಕ್ಕೆ ನೋಂದಾಯಿತ ಖುಲಾಸೆ ಪತ್ರವೇ ಬೇಕು. ಸಂಘ ಬೇರೆ ಸಂಘದಲ್ಲಿ ವಿಲೀನವಾಗಿದ್ದರೆ ಈಗಿನವರು ಬರೆದುಕೊಡುತ್ತಾರೆ. ಮೂಲ ಕ್ರಯಪತ್ರ ಇನ್ನೂ ಆ ಸಂಘದ ಕಪಾಟಿನಲ್ಲೇ ಇರುವ ಸಾಧ್ಯತೆಯೂ ಇದೆ, ಕೇಳಿ ನೋಡಿ.

ದಸ್ತಾವೇಜು ವಕೀಲ, ಮಂಡ್ಯ

ಭೋಗ್ಯದವರ ವಿಷಯ. ಮನೆಯಲ್ಲಿ ಯಾರೋ ವಾಸವಿದ್ದಾರೆ ಎಂದರೆ ಅವರ ಹಕ್ಕೇನೆಂದು ಕೇಳಿ ತಿಳಿಯಬೇಕಾದ ಹೊಣೆ ಕೊಳ್ಳುವವರದೇ. ತಿಳಿಯಲಿಲ್ಲ ಎಂಬ ವಾದ ನಡೆಯುವುದಿಲ್ಲ. ಕರಾರುಪತ್ರ ನೋಡಿ, ಬಿಡುವ ದಿನಾಂಕವನ್ನು ಅವರಿಂದ ಬರೆಸಿಕೊಳ್ಳಿ. 6 ಲಕ್ಷವನ್ನು ಮಾರುವವರ ಹಣದಿಂದ, ನೋಂದಣಿಯ ದಿನ, ನೇರವಾಗಿ ಅವರ ಖಾತೆಗೆ ಕಟ್ಟಿ ರಸೀದಿ ಪಡೆಯಿರಿ. ಆ 6 ಲಕ್ಷ ಅಣ್ಣಂದಿರ ಕೈಗೆ ಹೋಗಿದ್ದರೆ ಅವರ ಪಾಲಿನಲ್ಲೇ ಕಳೆಯಬೇಕೇ ಹೊರತು ತಾಯಿ ಮತ್ತು ತಂಗಿಯ ಪಾಲಿನಲ್ಲಿ ಅಲ್ಲ. ಇದನ್ನು ಪತ್ರದಲ್ಲೇ ಬರೆಸಿ.

ಚಿಕ್ಕಮಗಳೂರಿನ ಗ್ರಾಹಕ

ನಾನು ಮೊದಲಿನಿಂದ ಓದುತ್ತಾ ಬಂದಿದ್ದೇನೆ. ಚಕ್ಕುಬಂದಿಯನ್ನು ಟೇಪು ಹಿಡಿದು ನೋಡಿದಿರಾ? ನಾನು ಕೊಂಡ ಮನೆಯ ಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮತ್ತೊಬ್ಬರ ಮನೆ ಎಂದಿತ್ತು. ನಿಜದಲ್ಲಿ ರಸ್ತೆ ಇದ್ದದ್ದು ಪಶ್ಚಿಮಕ್ಕೆ. ಯಾವುದೋ ಕಾಲದ ತಪ್ಪನ್ನು ಪ್ರತಿ ಪತ್ರದಲ್ಲೂ ನಕಲು ಮಾಡುತ್ತಾ ಬಂದಿದ್ದರು. ನಾಲ್ಕು ವರ್ಷದ ಮೇಲೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಹಿಡಿದರು. ತಿದ್ದುಪಡಿ ಪತ್ರಕ್ಕೆ ಮಾರಿದವರ ಸಹಿ ಬೇಕಿತ್ತು, ಅವರು ತೀರಿಕೊಂಡಿದ್ದರು. ಮೂರು ಜಿಲ್ಲೆಗಳಲ್ಲಿದ್ದ ಅವರ ಐವರು ಮಕ್ಕಳನ್ನು ಒಂದೇ ದಿನ ಕಚೇರಿಗೆ ಕರೆತರಲು ನನಗೆ ಹನ್ನೊಂದು ತಿಂಗಳು ಹಿಡಿಯಿತು. ಮಾರುವ ನಾಲ್ವರೂ ಒಂದೆಡೆ ಇರುವಾಗಲೇ ನೀವು ಅಳೆದು ಸರಿಪಡಿಸಿಕೊಳ್ಳಿ.

ಮೊದಲ ಮನೆ, ಮೈಸೂರು (ಮತ್ತೆ ಏಳು ವಾರಗಳ ನಂತರ)

ನೋಂದಣಿ ಕಳೆದ ಗುರುವಾರ ಆಯಿತು. ಮನೆ ಅಳೆದಾಗ ದಕ್ಷಿಣದ ಕಡೆ ಅರ್ಧ ಅಡಿ ಕಡಿಮೆ ಬಂತು, ಇರುವ ಅಳತೆಯನ್ನೇ ಪತ್ರದಲ್ಲಿ ಬರೆಸಿದೆವು. ಖುಲಾಸೆ ಪತ್ರ ಸಿಕ್ಕಿತು. 1987ರ ಮೂಲ ಕ್ರಯಪತ್ರ ನಿಜಕ್ಕೂ ಸಂಘದ ಕಪಾಟಿನಲ್ಲೇ ಇತ್ತು. ಅಧಿಕಾರಿಗಳು ಮಧ್ಯಾಹ್ನ ಮನೆಗೆ ಬಂದು ತಾಯಿಯವರ ಹೇಳಿಕೆ ಪಡೆದರು. ತಾಯಿಯವರು ಹೆಬ್ಬೆಟ್ಟು ಒತ್ತದೆ, ‘ನನಗೆ ಸಹಿ ಬರುತ್ತದೆ’ ಎಂದು ಹೇಳಿ ನಿಧಾನವಾಗಿ ಪೂರ್ಣ ಹೆಸರು ಬರೆದರು. ಅವರ ಪ್ಯಾನ್ ಕಾರ್ಡನ್ನು ಮೊದಲೇ ಮಾಡಿಸಿದ್ದರಿಂದ ಶೇ 20ರ ಕಡಿತ ತಪ್ಪಿತು. ಅವರು ಇನ್ನು ಕೆಲಕಾಲ ಮಗಳ ಜೊತೆ ದಾವಣಗೆರೆಯಲ್ಲಿರುತ್ತಾರೆ. ಮಹಡಿಯವರು ತಿಂಗಳ ಕೊನೆಗೆ ಬಿಡುತ್ತಾರೆ. ಎಂಟು ನಮೂನೆಗಳಲ್ಲಿ ಆರು ತುಂಬಿದ್ದೇನೆ, ಎರಡು ಬಾಕಿ. ನಮ್ಮ ಹೆಸರಿಗೆ ಖಾತೆ ವರ್ಗಾವಣೆಗೆ ಅರ್ಜಿ ಹೋಗಿದೆ. ಇಲ್ಲಿ ಉತ್ತರಿಸಿದ ಪ್ರತಿಯೊಬ್ಬರಿಗೂ ನಾವಿಬ್ಬರೂ ಋಣಿಗಳು.

ನೋಂದಣಿ ಇಲಾಖೆಯ ನಿವೃತ್ತ ನೌಕರ

ಬಹಳ ಸಂತೋಷ. ಒಂದು ವಾರ ಬಿಟ್ಟು ಹೊಸದಾಗಿ ಋಣಭಾರ ಪತ್ರ ತೆಗೆಸಿ. ನಿಮ್ಮ ಕ್ರಯಪತ್ರದ ಸಾಲೂ ಖುಲಾಸೆಯ ಸಾಲೂ ಬಂದಿವೆಯೇ, ಬರೆದುಕೊಟ್ಟವರ ಅಂಕಣದಲ್ಲಿ ನಾಲ್ವರ ಹೆಸರೂ ಕಾಗುಣಿತ ತಪ್ಪಿಲ್ಲದೆ ಇವೆಯೇ ನೋಡಿ. ತಪ್ಪಿದ್ದರೆ ಈಗಲೇ ಕಚೇರಿಗೆ ಹೋಗಿ ತಿಳಿಸಿ.